ಗೊಂಬೆ ಮೆಟ್ಟಿಲ ಮೇಲೆ ಕಂಪ್ಯೂಟರ್

ಮುಳಬಾಗಿಲಿನಲ್ಲಿ ಹಳೆಯ ಕಂಪ್ಯೂಟರ್‌ಗಳ ಸಂಗ್ರಹ ಇರುವುದು ನನ್ನ ಮನೆಯಲ್ಲಿ ಮಾತ್ರ. ಈ ಮಾತನ್ನು ನಾನು ಎದೆಯುಬ್ಬಿಸಿ ಹೇಳುತ್ತೇನೆ. ನನ್ನ ಹೆಂಡತಿ ಶಾರದಾ ತಲೆ ಚಚ್ಚಿಕೊಂಡು ಹೇಳುತ್ತಾಳೆ. ಇವು ಆಫೀಸಿನ ಕಂಪ್ಯೂಟರ್‌ಗಳಲ್ಲ, ಎಂಬತ್ತರ ದಶಕದಲ್ಲಿ ಉಳ್ಳವರು ಮನೆಗೆಂದು ಕೊಳ್ಳುತ್ತಿದ್ದಂಥವು. ನೋಡಲು ಬರೀ ಕೀಬೋರ್ಡ್, ಇಡೀ ಕಂಪ್ಯೂಟರ್ ಅದರ ಹೊಟ್ಟೆಯೊಳಗೇ ಇರುತ್ತದೆ. ಇಲ್ಲದಿರುವುದು ಪರದೆಯೊಂದೇ. ಬೆಂಗಳೂರಿನ ಹಳೇ ಸಾಮಾನಿನ ಸಂತೆಯಿಂದ ಒಂದೊಂದಾಗಿ ತಂದು ಅಟ್ಟ ತುಂಬಿಸಿದ್ದೆ.

ಮನೆಮನೆಗೂ ಕೇಬಲ್ ಟೀವಿ ಬಂದಿದ್ದ ಕಾಲ ಅದು. ನವರಾತ್ರಿಗೆ ಗೊಂಬೆ ಇಳಿಸಲು ಅಟ್ಟ ಹತ್ತಿದ ಶಾರದಾಗೆ ಗೊಂಬೆ ಪೆಟ್ಟಿಗೆ ಕಾಣಲಿಲ್ಲ. ನನ್ನ ಸಂಗ್ರಹ ಕಂಡಿತು.

"ರೀ, ಹಬ್ಬ ಮುಗೀಲಿ, ಇವನ್ನೆಲ್ಲಾ ಗುಜರಿಗೆ ಹಾಕ್ತೀನಿ. ಒಂದಾದ್ರೂ ನಡೆಯುತ್ತೇನ್ರೀ?"

"ನಡೆಯುತ್ತೆ ಕಣೇ! ಗೊಂಬೆ ಇಡೋವಾಗ ಕೊನೇ ಮೆಟ್ಟಿಲು ನನಗೆ ಬಿಡು. ಅರಿಶಿನ ಕುಂಕುಮಕ್ಕೆ ಬಂದೋರ ಮುಂದೇನೇ ನಡೆಸಿ ತೋರಿಸ್ತೀನಿ."

"ತೋರಿಸಿದ್ರೆ ಇಟ್ಕೊಳ್ಳಿ. ಇಲ್ದಿದ್ರೆ ಗುಜರಿ."

ಒಪ್ಪಂದವಾಯಿತು. ಇನ್ನು ಬೇಕಿದ್ದುದು ಒಂದು ಯೋಗ್ಯ ಪರದೆ.

ಮೊದಲು ನಾನು ಲೆಕ್ಕ ಬರೆಯುವ ಮಂಡಿಯಿಂದ ಮಾನಿಟರ್ ಒಂದನ್ನು ಬೇಡಿ, ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಅದರ ಪ್ಲಗ್ಗಿನಲ್ಲಿ ಸಾಲುಸಾಲು ಮುಳ್ಳುಗಳು. ನನ್ನ ಕಂಪ್ಯೂಟರಿಗೆ ಇದ್ದುದು ಒಂದೇ ದುಂಡು ತೂತು! ಜಾತಕ ನೋಡದೆ ಛತ್ರ ಗೊತ್ತುಮಾಡಿದ ಹಾಗಾಯಿತು. ಮಾನಿಟರ್ ಅದೇ ಆಟೋದಲ್ಲಿ ತವರಿಗೆ ಮರಳಿತು.

ಆಮೇಲೆ ಬೈರಕೂರಿನ ಮಾವನವರು ಕೊಟ್ಟಿದ್ದ ಕಪ್ಪು-ಬಿಳುಪು ಟೀವಿಯನ್ನು ಕೆಳಗಿಳಿಸಿ ಕಂಪ್ಯೂಟರಿಗೆ ಜೋಡಿಸಿದೆ. ಚಾನೆಲ್ ತಿರುಗಿಸುವ ಗುಂಡಿಯನ್ನು ಆ ಕಡೆ ತಿರುಗಿಸಿದರೂ ಚುಕ್ಕೆ, ಈ ಕಡೆ ತಿರುಗಿಸಿದರೂ ಚುಕ್ಕೆ. ಛಲ ಬಿಡದೆ ಇನ್ನಷ್ಟು ತಿರುಗಿಸಿದೆ. ಗುಂಡಿ ಕೈಗೇ ಬಂತು.

"ನಮ್ಮಪ್ಪ ಕೊಟ್ಟ ಟೀವಿ!" ಎಂದು ಶಾರದಾ ಅಡುಗೆಮನೆಯಿಂದಲೇ ಕೂಗಿದಳು. ಅವಳಿಗೆ ಹೇಗೆ ಗೊತ್ತಾಯಿತೋ, ಇಂದಿಗೂ ನನಗೆ ತಿಳಿದಿಲ್ಲ.

ಉಳಿದದ್ದು ಹಾಲಿನಲ್ಲಿ ಗೊಂಬೆಗಳ ಎದುರಿಗೇ ಇದ್ದ ಕಲರ್ ಟೀವಿ. ಅದಕ್ಕೆ ಶಾರದಾಳ ಷರತ್ತುಗಳಿದ್ದವು. ಕೇಬಲ್ ವೈರು ಕೀಳಬಾರದು, ಚಾನೆಲ್ ಬದಲಾಯಿಸಬಾರದು. ಯಾಕೆಂದರೆ ಆ ಸಂಜೆಯ ಧಾರಾವಾಹಿಯಲ್ಲಿ ನಾಯಕನಿಗೆ ತನ್ನ ಹೆತ್ತ ತಾಯಿ ಯಾರೆಂದು ತಿಳಿಯುವುದಿತ್ತು.

ನಾನು ಸುಮ್ಮನಿರುವವನೇ? ಎರಡು ವೈರನ್ನು ಒಂದಾಗಿಸುವ ಕೂಡುಗಂಟಿನಂಥ ವಸ್ತುವೊಂದನ್ನು ಪೇಟೆಯಿಂದ ತಂದೆ. ಒಂದು ಬಾಯಿಗೆ ಕೇಬಲ್, ಇನ್ನೊಂದು ಬಾಯಿಗೆ ಕೊನೇ ಮೆಟ್ಟಿಲ ಮೇಲೆ ಕೂರಿಸಿದ್ದ ಕಂಪ್ಯೂಟರ್, ಬಾಲ ಟೀವಿಗೆ. ಕಂಪ್ಯೂಟರಿನ ಚಿತ್ರ ಯಾವ ಚಾನೆಲ್ಲಿಗೆ ಹೋಗಬೇಕೆಂದು ಬದಲಾಯಿಸಲು ಅದರ ಬೆನ್ನಿಗೆ ಒಂದು ಪುಟ್ಟ ಸ್ಕ್ರೂ ಇತ್ತು. ಟೀವಿಯ ಚಾನೆಲ್ ಮುಟ್ಟುವಂತಿಲ್ಲ ತಾನೇ? ಕಂಪ್ಯೂಟರನ್ನೇ ಧಾರಾವಾಹಿಯ ಚಾನೆಲ್ಲಿಗೆ ತಂದು ನಿಲ್ಲಿಸಿದೆ! ಪರದೆಯ ತುಂಬ ಒಂದೇ ಸಾಲು ಉರುಳುತ್ತಲೇ ಇರುವಂತೆ ಪ್ರೋಗ್ರಾಮ್ ಬರೆದೆ. ಸಾಲು ಯಾವುದೆನ್ನುತ್ತೀರಿ? 'ಶ್ರೀಧರಮೂರ್ತಿ, ಮುಳಬಾಗಿಲು.' ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ!

ಸಂಜೆ ನಾಲ್ಕಾರು ಹೆಂಗಸರು ಬಂದು ಕುಳಿತರು. ಉಸ್ಲಿ ಹಂಚಿದ್ದಾಯಿತು. ಧಾರಾವಾಹಿಯ ನಡುವೆ ಜಾಹೀರಾತು ಶುರುವಾದದ್ದೇ ತಡ, ಕುರುಡುಮಲೆ ಗಣಪನಿಗೆ ಮನಸ್ಸಿನಲ್ಲೇ ಕೈಮುಗಿದು ಗುಂಡಿ ಒತ್ತಿದೆ. ಬಂತು! ನನ್ನ ಹೆಸರು ಮೇಲಿಂದ ಕೆಳಗಿನವರೆಗೆ ತುಂಬಿ ಹರಿಯಿತು. ನನಗೆ ಕಣ್ಣೇ ತುಂಬಿ ಬಂತು.

"ಪರವಾಗಿಲ್ವೇ!" ಎಂದಳು ಶಾರದಾ. ಮದುವೆಯಾದಂದಿನಿಂದ ಈ ಮಾತಿಗೆ ಕಾದಿದ್ದೆ. ಇಷ್ಟು ಬೇಗ ಆರಿಸುವುದುಂಟೇ? ಹರಿಯಲು ಬಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ನಾಗರತ್ನಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದರು.

"ಇದೇಂ ಗೋಲರಾ ನಾಯನಾ! ಏನಪ್ಪಾ ಇದು ಗಲಾಟೆ? ನಮ್ಮ ಟೀವಿಲಿ ನಿನ್ನ ಹೆಸ್ರು ಯಾಕ್ ಬರ್ತಾ ಐತೆ? ಆ ಹುಡ್ಗ 'ನನ್ನ ತಾಯಿ ಯಾರು' ಅಂತ ಅಳ್ತಾ ಕೇಳ್ದ. 'ಶ್ರೀಧರಮೂರ್ತಿ, ಮುಳಬಾಗಿಲು' ಅಂತ ಬಂತು!"

ನನ್ನ ಕೂಡುಗಂಟು ಚಿತ್ರವನ್ನು ನಮ್ಮ ಟೀವಿಗೆ ಮಾತ್ರ ಕಳಿಸಿರಲಿಲ್ಲ. ಕೇಬಲ್ ವೈರಿನಲ್ಲಿ ಹಿಂದಕ್ಕೂ ಹರಿಸಿ ಬೀದಿಯ ಟೀವಿಗಳಿಗೆಲ್ಲ ಹಂಚಿತ್ತು! ತಡಬಡಿಸಿ ಆರಿಸುವ ಹೊತ್ತಿಗೆ ತಾಯಿಯ ಗುಟ್ಟು ರಟ್ಟಾಗಿ ಧಾರಾವಾಹಿ ಮುಗಿದಿತ್ತು. ಆ ತಾಯಿ ಯಾರೆಂದು ನಮ್ಮ ಬೀದಿಗೆ ಮಾತ್ರ ತಿಳಿಯಲಿಲ್ಲ.

ಹಿಂದೆಯೇ ಕೇಬಲ್ ಬಾಷಾ ಏದುಸಿರು ಬಿಡುತ್ತಾ ಬಂದ. "ಏನ್ ಸಾರ್ ಇದು? ಯಾರೋ ಹೊಸಬ ನನ್ನ ವೈರಲ್ಲಿ ಚಾನೆಲ್ ಬಿಟ್ಟವ್ನೆ ಅಂತ ಕಂಬ ಕಂಬ ಹತ್ತಿ ಇಳಿದ್ನಲ್ಲಾ ಸಾರ್!"

"ಎಲ್ಲೀ ತನಕ ಬರ್ತಿತ್ತು ಬಾಷಾ?" ವಿನಯದಿಂದಲೇ ಕೇಳಿದೆ.

"ಮಸೀದಿ ತಿರುವಿನ ತನಕ ಸಾರ್."

"ಕ್ಲಿಯರಾಗಿತ್ತಾ?"

ಬಾಷಾ ಕಟಿಂಗ್ ಪ್ಲೇಯರ್ ತೆಗೆದು ನಮ್ಮ ಮನೆಯ ವೈರನ್ನು ಕಟ್ ಮಾಡಿದ. "ಹಬ್ಬ ಮುಗಿಯೋ ತನಕ ನಿಮಗೆ ಕನೆಕ್ಷನ್ ಇಲ್ಲ ಸಾರ್."

ಶಾರದಾ ಮಾತಿಗೆ ತಪ್ಪುವವಳಲ್ಲ. "ನಡೆಸಿ ತೋರಿಸಿದ್ರಿ, ಇಟ್ಕೊಳ್ಳಿ. ಟೀವೀನೂ ನೀವೇ ಇಟ್ಕೊಳ್ಳಿ" ಎಂದಳು. ಮರುದಿನದಿಂದ ಉಸ್ಲಿ ಡಬ್ಬಿಯೊಂದಿಗೆ ಧಾರಾವಾಹಿಯ ಹೊತ್ತಿಗೆ ನಾಗರತ್ನಮ್ಮನವರ ಮನೆ ಸೇರಿದಳು. ಬಂದ ಹೆಂಗಸರೂ ಕುಂಕುಮ ಇಟ್ಟುಕೊಂಡು ಅವಳ ಹಿಂದೆಯೇ ಹೋದರು.

ಹೀಗೆ ನನ್ನ ಸಂಗ್ರಹ ಉಳಿಯಿತು. ಅದಕ್ಕೊಂದು ಭರ್ಜರಿ ಕಲರ್ ಪರದೆಯೂ ಸಿಕ್ಕಿತು. ಖಾಲಿ ಹಾಲಿನಲ್ಲಿ ನಾನೊಬ್ಬನೇ ಕುಳಿತು ದಿನವೂ ನನ್ನ ಹೆಸರು ಹರಿಸಿದೆ. ಕಣ್ಣು ಮಿಟುಕಿಸದೆ ನೋಡಿದವರು ಎದುರಿನ ಮೆಟ್ಟಿಲ ಮೇಲಿದ್ದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಅವರಲ್ಲೂ ರಾಣಿಯನ್ನು ಶಾರದಾ ಪಕ್ಕದ ಮನೆಯ ಕಡೆಗೆ ತಿರುಗಿಸಿಟ್ಟು ಹೋಗಿದ್ದಳು!