ಎರಡನೇ ಸಲ ಕೇಳದ ಗ್ರಾಂಟಮ್ಮ

ಕಾಲೇಜಿಗೆ ಗ್ರಾಂಟ್ ತರುವ ಹೊಣೆಯನ್ನು ಡೀನ್ ನನಗೆ ಒಪ್ಪಿಸಿದಾಗ ನಾನು ಹೆದರಲಿಲ್ಲ. ಟೋಸ್ಟರ್ ಹಾಕಿದರೂ ಮನೆಗೆ ಬೆಂಕಿ ಬಿದ್ದೀತೆಂದು ಪಕ್ಕದಲ್ಲೇ ಕಾವಲು ನಿಲ್ಲುವವನು ನಾನು. ಅಂಥವನು ಹೆದರಲಿಲ್ಲವೆಂದರೆ ಏನೋ ಎಡವಟ್ಟು ಕಾದಿದೆಯೆಂದು ಯಾರಿಗಾದರೂ ಹೊಳೆಯಬೇಕಿತ್ತು.

ಲಾಂಗ್ ಬೀಚ್ ಹತ್ತಿರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ನಾನು ಗಣಿತದ ಮೇಷ್ಟ್ರು. ನಮ್ಮ ವಿದ್ಯಾರ್ಥಿಗಳು ಹಗಲು ದುಡಿದು ಸಂಜೆ ಓದುವವರು. ಬಂದರಿನಲ್ಲಿ ಸರಕೆತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಮರಿಯಾಗೆ ನರ್ಸಿಂಗ್ ಸೇರುವ ಆಸೆ. ನಡುವೆ ಆಲ್ಜೀಬ್ರಾ ಗೋಡೆಯಂತೆ ನಿಂತಿದೆ. ಅಂಥವರಿಗೆ ಕೂತು ಹೇಳಿಕೊಡಲೆಂದು ಸಂಜೆಯ ಪಾಠದ ಕೋಣೆಯೊಂದಿತ್ತು. ಕೋವಿಡ್ ಕಾಲದಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಹೇಳಿಕೊಡುವವರಿಗೆ ಸಂಬಳ ಎಲ್ಲಿಂದ ತರುವುದು? ಅದಕ್ಕೇ ಈ ಗ್ರಾಂಟ್.

ಅರ್ಜಿ ಹೋಯಿತು. ಕಣ್ಣಾರೆ ನೋಡಿ ಹೋಗಲು ಗ್ರಾಂಟ್ ಕೊಡುವ ಸಂಸ್ಥೆಯಿಂದ ಒಬ್ಬ ಮಹಿಳೆ ಬಂದರು. ಮನಸ್ಸಿನಲ್ಲೇ ಅವರಿಗೆ ‘ಗ್ರಾಂಟಮ್ಮ’ ಎಂದು ನಾಮಕರಣ ಮಾಡಿದೆ. ಕೋಣೆ ತೋರಿಸಿದೆ. ಅವರು ಎಲ್ಲ ನೋಡಿ, ಸಂಜೆ ಹೇಳಿಕೊಡುವವರಿಗೆ ನಮ್ಮ ಹಣ ಬೇಕೇ, ಅಥವಾ ನೀವೇ ನಿಭಾಯಿಸುತ್ತೀರಾ ಎಂದು ನೇರವಾಗಿ ಕೇಳಿದರು.

ಓದುಗರೇ, ಕಾಫಿ ಬೇಕೇ ಎಂದರೆ ನಾವು ಏನನ್ನುತ್ತೇವೆ? “ಬೇಡ, ಈಗ ತಾನೇ ಆಯ್ತು.” ಅರ್ಧ ಲೋಟವಾದರೂ ಎಂದರೆ, “ಅಯ್ಯೋ, ನಿಮಗ್ಯಾಕೆ ತೊಂದರೆ.” ಮೂರನೆಯ ಸಲಕ್ಕೆ ಎರಡು ಲೋಟ ಕುಡಿದು ಏಳುತ್ತೇವೆ. ಇದು ಸಭ್ಯತೆ. ಅದೇ ಸಭ್ಯತೆಯಿಂದ ನಾನೂ ಕೈ ಅಡ್ಡ ಮಾಡಿ, “ಛೆ ಛೆ, ಬೇಡ, ಹೇಗೋ ಅಡ್ಜಸ್ಟ್ ಮಾಡ್ಕೋತೀವಿ” ಎಂಬುದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿ ಎರಡನೇ ಪ್ರಶ್ನೆಗೆ ಕಾದೆ.

ಆಕೆ ಬರೆದುಕೊಂಡುಬಿಟ್ಟರು!

ಸುಳಿವು ಕೊಡೋಣವೆಂದು, ನಮ್ಮ ಮಕ್ಕಳು ಪಾಪ ಪಾರ್ಕಿಂಗ್ ಲಾಟಿನ ದೀಪದ ಕೆಳಗೆ ಕೂತು ಲೆಕ್ಕ ಮಾಡುತ್ತಾರೆ ಎಂದೆ. ಎಂಥ ಛಲ ಎಂದು ಕಣ್ಣರಳಿಸಿ, ಅದನ್ನೂ ಬರೆದುಕೊಂಡರು.

ಆದರೂ ಧೈರ್ಯಗೆಡಲಿಲ್ಲ. ನಮ್ಮಲ್ಲಿ ನಿಜವಾದ ಮಾತು ಶುರುವಾಗುವುದೇ ಹೊರಟವರು ಚಪ್ಪಲಿ ಮೆಟ್ಟಿದ ಮೇಲಲ್ಲವೇ? ಕಾರಿನವರೆಗೂ ಹೋದೆ. ಗಂಟಲು ಸರಿಮಾಡಿಕೊಂಡು “ಇನ್ನೊಂದು ವಿಷಯ...” ಎನ್ನುವಷ್ಟರಲ್ಲಿ ಗ್ರಾಂಟಮ್ಮ ಬೆಲ್ಟ್ ಹಾಕಿ, ಗಾಜು ಏರಿಸಿ, ಫ್ರೀವೇ ಸೇರಿಯಾಗಿತ್ತು. ಹೊರಟು ನಿಂತು ಅರ್ಧ ಗಂಟೆ ಮಾತಾಡದ ಜನ ಇನ್ನೊಬ್ಬರ ಕಷ್ಟವನ್ನು ತಿಳಿಯುವುದಾದರೂ ಯಾವಾಗ?

ಮನೆಯಲ್ಲಿ ಹೆಂಡತಿ ಶೈಲಾ ಎಲ್ಲ ಕೇಳಿಸಿಕೊಂಡಳು.

“ಅಲ್ರೀ, ಅವ್ರೇನು ನಿಮ್ಮ ಸೋದರತ್ತೇನಾ, ಬಲವಂತ ಮಾಡಿ ಬಡಿಸೋಕೆ? ಬೇಕು ಅಂತ ಒಂದು ಇಮೇಲ್ ಹಾಕಿ.”

“ಹಾಗೆ ಮುಖಕ್ಕೆ ಹೊಡೆದ ಹಾಗೆ ಬರೆಯಕ್ಕಾಗುತ್ತೇನೇ?”

ಬರೆದೆ. ತಮಗೆ ತೊಂದರೆಯಾಗದಿದ್ದಲ್ಲಿ, ಅನುಕೂಲವಿದ್ದಲ್ಲಿ, ಅವಸರವೇನೂ ಇಲ್ಲ, ಎಂದು ಇಡೀ ಪುಟ ವಿನಯ ಸುರಿದೆ. ಬೇಕಾದದ್ದೇನೆಂದು ಬರೆಯುವುದು ಮಾತ್ರ ಮರೆತುಹೋಗಿತ್ತು. ನಿಮ್ಮ ಸೊಗಸಾದ ಪತ್ರಕ್ಕೆ ಧನ್ಯವಾದ ಎಂದು ಉತ್ತರ ಬಂತು.

ಕೊನೆಗೆ ಗ್ರಾಂಟೂ ಬಂತು: ಕೂತಲ್ಲೇ ಉರುಳುವ ಆಫೀಸು ಕುರ್ಚಿಗಳಿಗೆ ಮತ್ತು ಗೋಡೆಯಗಲದ ಟಿವಿಗೆ. ಹೇಳಿಕೊಡುವವರಿಗೆ ಸೊನ್ನೆ. ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿರುವ ನನ್ನ ಭಾವಮೈದ ಫೋನ್ ಮಾಡಿ, ಅವನ ಮಗಳು ಓದುವ ಅಲ್ಲಿನ ಕಾಲೇಜಿಗೂ ಅದೇ ಗ್ರಾಂಟಮ್ಮ ಹೋಗಿದ್ದರೆಂದ. ಆ ಕಾಲೇಜಿನವರು ಮೊದಲ ಸಲಕ್ಕೇ ಬೇಕು ಎಂದರಂತೆ. ಜೊತೆಗೆ ಫ್ರಿಜ್ಜೂ ಬೇಕು ಎಂದರಂತೆ. ಎರಡೂ ಸಿಕ್ಕವಂತೆ! ನಾಚಿಕೆಯಿಲ್ಲದವರಿಗೆ ಫ್ರಿಜ್, ಮಾನವಂತರಿಗೆ ಉರುಳುವ ಕುರ್ಚಿ. ಇದು ಯಾವ ನ್ಯಾಯ?

ಡೀನ್ ಕರೆದು ವಿವರಣೆ ಕೇಳಿದರು. ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಅವರ ಮುಂದೆ ಸುರಿದೆ. ನಮ್ಮವರು ಬೇಡ ಎಂದರೆ ಬೇಡ ಎಂದಲ್ಲ, ಇನ್ನೊಮ್ಮೆ ಕೇಳಿ ಎಂದರ್ಥ; ಮೂರು ಸಲ ಕೇಳುವುದು ಕೇಳುವವರ ಧರ್ಮ ಎಂದು ಉಪನ್ಯಾಸವನ್ನೇ ಕೊಟ್ಟೆ. ಅವರು ಬಹಳ ಆಸಕ್ತಿಯಿಂದ ತಲೆಯಾಡಿಸಿದರು. ಆಮೇಲೆ, ಮುಂದಿನ ಗ್ರಾಂಟ್ ಬರುವವರೆಗೆ ಸಂಜೆ ಹೊತ್ತು ಸಂಬಳವಿಲ್ಲದೆ ನೀವೇ ಕೂರುತ್ತೀರಾ ಎಂದು ಕೇಳಿದರು.

“ಇಲ್ಲ, ಆಗಲ್ಲ” ಎಂದೆ. ಜೀವನದಲ್ಲಿ ಮೊದಲ ಬಾರಿಗೆ ನಿಜವಾಗಿಯೂ ಇಲ್ಲ ಎಂದಿದ್ದೆ.

ಡೀನ್ ಮುಗುಳ್ನಕ್ಕು ಮತ್ತೆ ಕೇಳಿದರು. ಆಗುವುದೇ ಇಲ್ಲ ಎಂದೆ. ಅವರ ಮುಖ ಇನ್ನಷ್ಟು ಅರಳಿತು. ಭುಜದ ಮೇಲೆ ಕೈಯಿಟ್ಟು, ಅತ್ಯಂತ ಪ್ರೀತಿಯಿಂದ ಮೂರನೇ ಸಲ ಕೇಳಿ, ಉತ್ತರಕ್ಕೂ ಕಾಯದೆ ನನ್ನ ಹೆಸರು ಬರೆದುಕೊಂಡರು.

ಕೋಣೆ ತೆರೆಯಿತು. ಮೊದಲ ಸಂಜೆ ಮರಿಯಾ ಕೆಲಸದ ಬೂಟುಗಳಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ, ಹೇಳಿಕೊಡುವವರು ಇನ್ನೂ ಬಂದಿಲ್ಲವೇ ಎಂದು ಕೇಳಿದಳು.

ಒಳಗೆ ಹೇಳಿಕೊಡಲೆಂದು ಕೂತಿದ್ದವನು ನಾನೊಬ್ಬನೇ.