ಒಂದೂವರೆ ಸೀರೆಯ ಪಾತಿ

ನಮ್ಮ ಭಾವನ ಕೈಗೆ ಮಾತ್ರ ಹೊದಿಕೆ ಕೊಡಬೇಡಿ! ಕೊಟ್ಟಿರೋ, ಎದುರಿಗಿರುವುದು ಮನುಷ್ಯರೋ ಮಿಕ್ಸಿಯೋ ಎಂದೂ ನೋಡದೆ ಮುಚ್ಚಿಬಿಡುತ್ತಾರೆ.

ಹೊಸ ತಿಪ್ಪಸಂದ್ರದ ಅವರ ಮನೆಗೆ ಒಮ್ಮೆ ಹೋದರೆ ಸಾಕು, ನಿಮಗೇ ತಿಳಿಯುತ್ತದೆ. ಟಿವಿಗೆ ಹೊದಿಕೆ, ಸ್ಕೂಟರಿಗೆ ಹೊದಿಕೆ, ಗ್ಯಾಸ್ ಸಿಲಿಂಡರಿಗೆ ಅವರದೇ ಹಳೇ ಪ್ಯಾಂಟಿನಿಂದ ಹೊಲಿದ ಹೊದಿಕೆ. ಅದರ ಜೇಬು ಹಾಗೇ ಉಳಿದಿದೆ. ಅಕ್ಕ ಅದರಲ್ಲಿ ಲೈಟರ್ ಇಡುತ್ತಾಳೆ. ಒಂದು ಸಲ ಊಟ ಮಾಡಿ ಸೋಫಾದ ಮೇಲೆ ಹಾಗೇ ಕಣ್ಣು ಮುಚ್ಚಿದ್ದೆ. ಎದ್ದು ನೋಡಿದರೆ ಕತ್ತಲು! ತಲೆಯಿಂದ ಕಾಲಿನವರೆಗೆ ನನ್ನನ್ನು ಮುಚ್ಚಿದ್ದರು.

“ಇದೇನು ಭಾವ, ನಾನಿನ್ನೂ ಬದುಕಿದೀನಿ!”

“ನೊಣ ಕೂತ್ಕೋತಿತ್ತಮ್ಮ.”

ಪಾಪ, ಅವರ ತಪ್ಪಲ್ಲ. ವಿಮಾನ ಕಾರ್ಖಾನೆಯಲ್ಲಿ ಅವರ ನೌಕರಿಯೇ ಅದು: ಬಿಚ್ಚಿಟ್ಟ ಇಂಜಿನ್ನಿನ ಮೇಲೆ ಧೂಳು ಬೀಳದ ಹಾಗೆ ಮುಚ್ಚಿಡುವುದು. ನಿವೃತ್ತಿಯಾದ ಮೇಲೆ ಇಂಜಿನ್ ಬರುವುದು ನಿಂತಿತು, ಮುಚ್ಚುವ ಕೈ ನಿಲ್ಲಲಿಲ್ಲ.

ಈ ಬೇಸಿಗೆಯ ಶುರುವಿನಲ್ಲಿ ಅಕ್ಕನಿಗೆ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಕೆಮ್ಮು ಕೆಮ್ಮು ಎನ್ನುತ್ತಿದ್ದವಳು ಒಂದು ಬೆಳಿಗ್ಗೆ ಮಾತಿಗೂ ಉಸಿರು ಸಾಲದೆ ಕೂತುಬಿಟ್ಟಳು. ಆಸ್ಪತ್ರೆಗೆ ಹೊರಟ ಆಟೋದಿಂದ ತಲೆ ಹೊರಗೆ ಹಾಕಿ ಅವಳು ಹೇಳಿದ್ದು ಇಷ್ಟೇ: “ರೀ, ನನ್ನ ಕನಕಾಂಬರ ಒಣಗಿಸ್ಬೇಡಿ. ಬಂದು ನೋಡ್ತೀನಿ.”

ಮಿಕ್ಕವರೆಲ್ಲ ಆ ಮಾತಿನಲ್ಲಿ ಕನಕಾಂಬರವನ್ನು ಕೇಳಿಸಿಕೊಂಡರೆ ಭಾವ ಕೇಳಿಸಿಕೊಂಡದ್ದು “ಬಂದು ನೋಡ್ತೀನಿ” ಎಂಬುದನ್ನು. ಗಿಡ ಉಳಿದರೆ ಇವಳು ಬರುತ್ತಾಳೆ ಎಂದು ಎಲ್ಲೋ ಒಳಗೆ ಗಂಟು ಹಾಕಿಕೊಂಡುಬಿಟ್ಟರು. ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಜಾತಿಯೂ ಅಲ್ಲ.

ಬೋರ್‌ವೆಲ್ಲು ಕೆಸರು ಕಕ್ಕುತ್ತಿತ್ತು. ಟ್ಯಾಂಕರ್ ನೀರು ಕುಡಿಯಲು, ತೊಳೆಯಲು ಸರಿಹೋಗುತ್ತಿತ್ತು. ಗಿಡಕ್ಕೆ ಎಲ್ಲಿಂದ ತರುವುದು? “ಮಣ್ಣು ಬರಿಮೈಯಲ್ಲಿ ಬಿದ್ದಿದೆಯಮ್ಮ, ಅದಕ್ಕೇ ತೇವ ಆರ್ತಿದೆ. ಒಣ ಎಲೆ ಹೊದಿಸಿದ್ರೆ ಒಂದು ಬಿಂದಿಗೆ ನೀರು ವಾರ ಬರತ್ತೆ” ಅಂದರು ಭಾವ. ಹೊದಿಕೆ ಎಂಬ ಮಾತು ಬಂದ ಕೂಡಲೇ ನನಗೆ ಭಯವಾಯಿತು.

ಎಷ್ಟು ಎಲೆ ಬೇಕು? ಅಳೆಯಬೇಕಲ್ಲ! ಮನೆಯಲ್ಲಿ ಟೇಪು ಇರಲಿಲ್ಲವೇ ಅಂತೀರಾ? ಇತ್ತು. ಅದರ ಹೊದಿಕೆ ಬಿಚ್ಚಲು ಮನಸ್ಸು ಬರಲಿಲ್ಲವೋ ಏನೋ! ಅಕ್ಕನ ಹಳೇ ವಾಯಿಲ್ ಸೀರೆ ತಂದು ಕಾಂಪೌಂಡಿನುದ್ದಕ್ಕೂ ಕನಕಾಂಬರದ ಪಾತಿಯ ಪಕ್ಕದಲ್ಲಿ ಹಾಸಿದರು. ಉದ್ದ ಒಂದೂವರೆ ಸೀರೆ. ಅಗಲ, ಸೀರೆಯ ಅಗಲ. ದಪ್ಪ, ತೋರುಬೆರಳಿನ ಎರಡು ಗೆಣ್ಣು. ಒಂದು ಮೂಟೆ ಎಲೆ ಸುರಿದು ನೋಡಿದರು, ಕಾಲು ಸೀರೆ ಮುಚ್ಚಿತು. “ಆರು ಮೂಟೆ!” ಎಂದು ತೀರ್ಪು ಕೊಟ್ಟರು. ಸೀರೆಯನ್ನು ಕೊಡವಿ, ಮಡಚಿ, ಹೆಗಲ ಮೇಲೆ ಹಾಕಿಕೊಂಡರು.

ಬೆಳಿಗ್ಗೆ ರಸ್ತೆ ಗುಡಿಸುವ ಕಲಬುರಗಿ ಕಡೆಯ ಹೆಂಗಸು ಹೊಂಗೆ ಮರದ ಕೆಳಗೆ ಗುಡ್ಡೆ ಹಾಕುವುದೇ ತಡ, ಭಾವ ಗೋಣಿಚೀಲ ಹಿಡಿದು ಹಾಜರು.

“ಅಣ್ಣಾರ, ನಾ ಗುಡಿಸಿದ ಕಸ ನೀವ್ಯಾಕ ಒಯ್ಲತ್ತೀರಿ? ಕಸ ಕಳುವಾಗ್ಯದಂತ ಸೂಪರ್‌ವೈಸರಗ ಹೇಳ್ಲೇನು?”

“ಎಲೆ ಮಾತ್ರ ಕೊಡಮ್ಮ, ಪ್ಲಾಸ್ಟಿಕ್ ನಿನಗೇ ಇರ್ಲಿ.”

“ಭಾಳ ದೊಡ್ಡ ಮನಸ ನಿಮ್ದು!”

ಆರು ಮೂಟೆ ಹಾಸಿದರು, ನೀರು ಚಿಮುಕಿಸಿದರು. ಮಾರನೇ ದಿನ ನೋಡಿದರೆ ಉಬ್ಬಿದ ಪೂರಿ ಇಳಿದ ಹಾಗೆ ಎಲೆಯೆಲ್ಲ ಕುಗ್ಗಿ ಕೂತಿದೆ! ಎಲೆ ಅಂದ ಮೇಲೆ ಕುಗ್ಗುವುದೇ. ಅದೇ ಸಾಕಾಗಿತ್ತು. ಭಾವನಿಗೆ ಸಾಕಾಗಲಿಲ್ಲ. ಮತ್ತೆ ತಂದು ಸುರಿದರು, ಅದೂ ಇಳಿಯಿತು, ಇನ್ನಷ್ಟು ಸುರಿದರು. ಅದರ ಮೇಲೆ ಎಳನೀರಿನವನಿಂದ ಬುರುಡೆ ತಂದು, ನಾರು ಬಿಡಿಸಿ, ಗಿಡಗಳ ಬುಡಕ್ಕೆ ಒತ್ತಿ ಒತ್ತಿ ಇಟ್ಟರು. ಕನಕಾಂಬರಗಳು ಮಫ್ಲರ್ ಸುತ್ತಿಕೊಂಡು ಬಸ್ಸಿಗೆ ಕಾಯುವವರ ಹಾಗೆ ಕಾಣುತ್ತಿದ್ದವು.

ನಾನು ರಾಮಮೂರ್ತಿ ನಗರದಿಂದ ದಿನಾ ಸಾರು, ಮೆತ್ತಗಿನ ಅನ್ನ ಕಟ್ಟಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆ. ಭಾವ ಸಂಜೆ ಬಂದು ಮಂಚದ ಕಾಲ ಬಳಿ ನಿಲ್ಲುತ್ತಿದ್ದರು. ಅಕ್ಕನ ಮುಖಕ್ಕೆ ಆಮ್ಲಜನಕದ ಮಾಸ್ಕು. ಅದರ ಕಡೆ ನೋಡದೆ, “ಗಿಡ ಚೆನ್ನಾಗಿದೆ” ಎಂದು ವರದಿ ಒಪ್ಪಿಸಿ ಹೊರಟುಬಿಡುತ್ತಿದ್ದರು. ನೆಂಟರಿಗೆ ಸಿಟ್ಟು: ಹೆಂಡತಿ ಉಸಿರಿಗೆ ಒದ್ದಾಡುವಾಗ ಈ ಮನುಷ್ಯ ತರಗೆಲೆ ಆರಿಸುತ್ತಾನಲ್ಲ! ನನಗೂ ಸಿಟ್ಟು ಬಂದಿತ್ತು.

ಒಂದು ದಿನ ಮನೆಗೆ ಹೋದಾಗ ಭಾವ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎರಡು ಗಿಡ ಬುಡದಲ್ಲಿ ಕಪ್ಪಾಗಿ ಕೊಳೆತು ವಾಲಿದ್ದವು. ಮಿಕ್ಕವುಗಳ ಎಲೆ ಹಳದಿ.

“ನೀರಿದೆ, ನೆರಳಿದೆ. ಎಲ್ಲಾ ಮಾಡಿದೀನಿ. ಆದ್ರೂ ಯಾಕಮ್ಮ ಹಿಂಗೆ?”

ಆ ದನಿ ಗಿಡದ ಬಗ್ಗೆ ಕೇಳುತ್ತಿರಲಿಲ್ಲ. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಆ ಸಂಜೆ ಅಕ್ಕ ಪಾತಿಯ ಫೋಟೋ ತೋರಿಸಿ ಎಂದು ಕೈಸನ್ನೆ ಮಾಡಿದಳು. ಭಾವ ಹಿಂದುಮುಂದು ನೋಡಿ, ಕೊನೆಗೆ ತಪ್ಪು ಮಾಡಿದ ಹುಡುಗನ ಹಾಗೆ ಫೋನು ಚಾಚಿದರು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮಾಸ್ಕನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಮಾತನ್ನು ಹೆಕ್ಕಿ ಹೆಕ್ಕಿ ಆಡಿದಳು.

“ಕುತ್ತಿಗೆವರೆಗೂ... ಹೊದಿಸಿಬಿಟ್ಟಿದೀರಲ್ರೀ. ಬುಡದ ಸುತ್ತ... ಒಂದು ಅಂಗೈ ಜಾಗ ಬಿಡಿ. ಅದೂ ಉಸಿರಾಡ್ಬೇಕು.”

ಭಾವ ಅಂದು ಮೊದಲ ಸಲ ಆ ಮಾಸ್ಕನ್ನು ನೇರವಾಗಿ ನೋಡಿದರು. ಅವರೇ ಅದನ್ನು ಹುಷಾರಾಗಿ ಸರಿಮಾಡಿ ಕೂರಿಸಿದರು. ಮನೆಗೆ ಹೋಗಿ ಒಂದೊಂದು ಗಿಡದ ಬುಡಕ್ಕೂ ಅಂಗೈ ಊರಿ, ಸುತ್ತಲಿನ ಎಲೆ, ನಾರು ಎಲ್ಲ ಸರಿಸಿದರು.

ಕೊಳೆತ ಎರಡು ಹೋದವು. ಉಳಿದವು ಚಿಗುರಿದವು.

ಅಕ್ಕ ಮನೆಗೆ ಬಂದಳು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಪಾತಿಯನ್ನು ನೋಡಿದಳು, ನೋಡುತ್ತಲೇ ಅಲ್ಲಿಯೇ ನಿದ್ದೆ ಹೋದಳು. ಭಾವ ಆ ವಾಯಿಲ್ ಸೀರೆಯನ್ನು ಒಗೆದು ಇಟ್ಟಿದ್ದರು. ನಾಲ್ಕು ಮಡಿಕೆ ಮಾಡಿ ತಂದು ಪಾದದಿಂದ ಮೇಲಕ್ಕೆ ಮೆಲ್ಲನೆ ಹೊದಿಸತೊಡಗಿದರು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನಾನು ತಡೆಯೋಣವೆಂದು ಬಾಗಿಲಿಗೆ ಬಂದೆ.

ಬೇಕಾಗಲಿಲ್ಲ. ಎದೆಯವರೆಗೆ ಎಳೆದು ಕೈ ನಿಂತಿತು. ಸೀರೆಯ ಅಂಚಿಗೂ ಅವಳ ಕುತ್ತಿಗೆಗೂ ನಡುವೆ ಅಂಗೈ ಅಡ್ಡ ಇಟ್ಟು ನೋಡಿದರು. ಅಂಚನ್ನು ಒಂದಿಷ್ಟು ಕೆಳಗೆ ಸರಿಸಿದರು.

ಅಂಗೈಯನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ. ಅದು ಅವಳ ಉಸಿರಿನ ಜೊತೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು.