ಸ್ವಾಪ್ ಜಾಗದ ನ್ಯಾಯಯುತ ಹಂಚಿಕೆ

ನಮ್ಮ ಆರೋಗ್ಯ ಕಚೇರಿಯ ಮೂರು ಶಾಖೆಗಳಿಗೂ ಸೇರಿ ಒಂದೇ ಕಂಪ್ಯೂಟರ್ ಇದ್ದು, ಅದರೊಳಗೆ ಅದನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಗಳು ಶಾಖೆಗೊಂದರಂತೆ ಮೂರು ವಾಸವಾಗಿವೆ ಎಂದು ತಿಳಿಸಲು ಸಂತೋಷವಾಗುತ್ತದೆ. ಒಂದು ಎದ್ದಾಗ ಉಳಿದೆರಡು ಮಲಗಿರುತ್ತವೆ. ಇಷ್ಟು ಶಿಸ್ತು ಸಿಬ್ಬಂದಿಯಲ್ಲೂ ಇಲ್ಲ.

ಕಂಪ್ಯೂಟರಿನ ನೆನಪು ತುಂಬಿದಾಗ ಹೆಚ್ಚಾದದ್ದನ್ನು ತಾತ್ಕಾಲಿಕವಾಗಿ ಇಡಲು ಡಿಸ್ಕಿನಲ್ಲಿ ಬಿಟ್ಟ ಜಾಗಕ್ಕೆ ಸ್ವಾಪ್ ಎನ್ನುತ್ತಾರೆ. ರಿಪೇರಿಗೆ ಬಂದ ತಂತ್ರಜ್ಞೆ, ಮೂರು ಶಾಖೆಗೂ ಒಂದೇ ಸ್ವಾಪ್ ಸಾಕು ಎಂದುಬಿಟ್ಟಳು. ಕಚೇರಿಯ ಸಾಹೇಬರ ಮುಖ ಕೆಂಪಾಯಿತು.

"ಹಾಗಾದ್ರೆ ಮೂವರಿಗೂ ಒಂದೇ ಕುರ್ಚಿ ಸಾಕು ಅಂತೀರೇನಮ್ಮ?"

"ಒಬ್ಬೊಬ್ಬರಾಗಿ ಬರೋದಾದ್ರೆ ಸಾಕು ಸರ್."

ಈ ಉತ್ತರವನ್ನು ಅಶಿಸ್ತೆಂದು ಪರಿಗಣಿಸಿ, ಶಾಖೆಗೊಂದು ಸ್ವಾಪ್ ಮಂಜೂರು ಮಾಡಲಾಯಿತು. ಔಷಧ ಶಾಖೆಯದು ಕೊಂಚ ದೊಡ್ಡದೆಂದು ಲೆಕ್ಕ ಶಾಖೆ ಮೂಗು ಮುರಿದದ್ದರಿಂದ ಅದರದ್ದನ್ನೂ ಹಿಗ್ಗಿಸಲಾಯಿತು. ಆಮೇಲೆ ಸಾಹೇಬರಿಗೊಂದು ಸ್ವಾಪ್, ಅವರು ರಜೆ ಹಾಕಿದಾಗ ಪ್ರಭಾರಿಗೊಂದು, ಅತಿಥಿಗಳಿಗೊಂದು. ಅತಿಥಿ ಸ್ವಾಪ್ ಉದ್ಘಾಟನೆಗೆ ಬಂದ ನಿರ್ದೇಶಕರಿಗೆ ಕತ್ತರಿಸಲು ರಿಬ್ಬನ್ ಸಿಗದೆ ಮೌಸಿನ ವೈರನ್ನೇ ಹಿಡಿಯಲಾಯಿತು. ಚಪ್ಪಾಳೆ ಜೋರಾಗಿತ್ತು.

ಆ ಸಂಜೆಯೇ ಸಿಬ್ಬಂದಿ ಶಾಖೆಯಲ್ಲಿ ನಮ್ಮ ನರ್ಸಮ್ಮನನ್ನು ಪಕ್ಕದ ಊರಿಗೆ ಕಳಿಸುವ ವರ್ಗಾವಣೆ ಆದೇಶ ಟೈಪಾಯಿತು. ಆಕೆಯ ಪುಟ್ಟ ಮಗಳು ಅದೇ ಊರಿನಲ್ಲಿ ಅಜ್ಜಿಯ ಜೊತೆಗಿದ್ದು, ಅಮ್ಮನ ದಾರಿ ಕಾಯುತ್ತಿದ್ದಳು. ಆದರೆ ಆದೇಶವನ್ನು ಉಳಿಸಿಡಲು, ಸ್ವಾಪ್‌ಗಳೇ ತುಂಬಿದ್ದ ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ. ಉಳಿಸದ ಆದೇಶವನ್ನು ಮುದ್ರಿಸಲು ನಿಯಮವಿಲ್ಲ. ಯಾರ ಸ್ವಾಪ್ ಅಳಿಸಲಿ ಎಂದು ತಂತ್ರಜ್ಞೆ ಕೇಳಿದಾಗ ಎಲ್ಲರೂ ತಲೆಯೆತ್ತಿ ಫ್ಯಾನ್ ನೋಡಿದರು.

ನರ್ಸಮ್ಮ ತೆರೆಯ ಮೇಲಿದ್ದ ತನ್ನ ಹೆಸರನ್ನೇ ನೋಡುತ್ತ ನಿಂತಿದ್ದಳು.

"ಸರ್, ಕಣ್ಣಿಗೆ ಕಾಣ್ತಿದೆಯಲ್ಲ. ಹೋಗ್ಲಾ?"

ಸಾಹೇಬರು ಬಹಳ ಯೋಚಿಸಿದರು. "ಕಾಣ್ತಿರೋವರೆಗೂ ಹೋಗಿ ಅಲ್ಲಿರಿ."

ಅಂದಿನಿಂದ ಕಂಪ್ಯೂಟರ್ ಚಾಲೂ ಇರುವವರೆಗೆ ವರ್ಗಾವಣೆ ಜಾರಿಯಲ್ಲಿರತಕ್ಕದ್ದು ಎಂಬ ನಿಯಮವಿದೆ. ಇದನ್ನೂ ಉಳಿಸಲು ಜಾಗವಿಲ್ಲದ್ದರಿಂದ ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಸಿಬ್ಬಂದಿ ಶಾಖೆಯ ಲಿನಕ್ಸ್ ಎದ್ದೇ ಇರಬೇಕಾದ್ದರಿಂದ ಉಳಿದೆರಡನ್ನು ಎಬ್ಬಿಸುವಂತಿಲ್ಲ. ಆ ಶಾಖೆಗಳ ನೌಕರರು ನೆಮ್ಮದಿಯಾಗಿದ್ದಾರೆ. ಕಚೇರಿಯಲ್ಲಿ ಕರೆಂಟ್ ಹೋದರೆ ವರ್ಗಾವಣೆ ರದ್ದಾಗುತ್ತದೆ. ನರ್ಸಮ್ಮ ಬಸ್ ಹತ್ತಿ ಬಂದು, ಮತ್ತೆ ಟೈಪ್ ಮಾಡಿಸಿಕೊಂಡು ಹೋಗುತ್ತಾಳೆ.

ಈಗ ಮಗಳಿಗೂ ಅಭ್ಯಾಸವಾಗಿದೆ. ಕರೆಂಟ್ ಹೋಯಿತೆಂದು ಕಚೇರಿಯಿಂದ ಫೋನ್ ಬಂದರೆ ಮೊದಲಿನಂತೆ ಅಳುವುದಿಲ್ಲ. ತಾನೇ ಬ್ಯಾಗು ತಂದುಕೊಟ್ಟು, "ಕರೆಂಟ್ ಬರೋದ್ರೊಳಗೆ ಹೋಗಿಬಿಡಮ್ಮ, ಬೇಗ ಮತ್ತೆ ಇಲ್ಲಿಗೆ ವರ್ಗ ಆಗ್ತೀಯ" ಎನ್ನುತ್ತಾಳೆ.